ಮನೆಯಂಗಳದ ವಿದ್ಯುದಾಗಾರ

ಆಷಾಢದ ಗಾಳಿ ಕಡಲಿನಿಂದೆದ್ದು ಘಟ್ಟವನ್ನೇರಿ ಬರುವ ದಿನಗಳಲ್ಲಿ, ಹೊಸನಗರ ತೀರ್ಥಹಳ್ಳಿಗಳ ಕಡೆಯ ಕಾಡಂಚಿನ ಮನೆಗಳಲ್ಲಿ, ಮುಸ್ಸಂಜೆಯಾದೊಡನೆ ಕೇಳಿಬರುವ ಮೊದಲ ಮಾತು ‘ಕರೆಂಟು ಉಂಟೋ?’ ಎಂಬುದು. ಎಲ್ಲಿಯೋ ಒಂದು ಮತ್ತಿಯ ಮರ ಬುಡಸಹಿತ ತಂತಿಯ ಮೇಲೆ ಒರಗಿರುತ್ತದೆ. ಎಲ್ಲಿಯೋ ಒಂದು ಕಂಬ ನೆನೆದ ಮಣ್ಣಿನಲ್ಲಿ ವಾಲಿರುತ್ತದೆ. ಅದನ್ನು ಹುಡುಕಿಕೊಂಡು ಕಂಬಳಿಕೊಪ್ಪೆ ಹೊದ್ದ ಲೈನ್‌ಮನ್ ಒಬ್ಬನು ಹಳ್ಳದಾಚೆಯ ಗುಡ್ಡದಲ್ಲಿ ನಡೆಯುತ್ತಿರುತ್ತಾನೆ. ಒಂದು ರಾತ್ರಿಯ ಕತ್ತಲೆ ಲಾಟೀನಿನ ಬೆಳಕಿನಲ್ಲಿ ಕಳೆದೀತು. ಆದರೆ ಮೂರು ದಿನ ಬಾವಿಯ ನೀರು ಮೇಲೇರದಿದ್ದರೆ, ಮನೆಯ ಹಿರಿಯರ ಇನ್ಸುಲಿನ್ ತಣ್ಣಗಿರದಿದ್ದರೆ, ಓದುವ ಮಗು ದೀಪವಿಲ್ಲದೆ ಪುಸ್ತಕ ಮುಚ್ಚಿ ಮಲಗಿದರೆ, ಆ ಮನೆಯವರು ಪೇಟೆಗೆ ಹೋಗಿ ಒಂದು ಸಣ್ಣ ಜನರೇಟರನ್ನು ಕೊಂಡು ತರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನಾನೂ ಹಾಗೆಯೇ ತಂದವನು. ತಂದಮೇಲೆ ಅದನ್ನು ಸ್ಥಾಪಿಸುವುದರಲ್ಲಿಯೂ ಪರೀಕ್ಷಿಸುವುದರಲ್ಲಿಯೂ ಕಲಿತ ವಿಷಯಗಳನ್ನು, ಅವುಗಳ ಹಿಂದಿರುವ ಪ್ರಕೃತಿನಿಯಮಗಳೊಡನೆ, ಈ ಅಧ್ಯಾಯದಲ್ಲಿ ಹೇಳಬೇಕೆಂದಿದ್ದೇನೆ.

ವಿದ್ಯುಚ್ಛಕ್ತಿಯು ಭತ್ತದಂತೆ ಕಣಜದಲ್ಲಿ ತುಂಬಿಟ್ಟು ಬೇಕಾದಾಗ ಅಳೆದು ತೆಗೆಯತಕ್ಕ ಪದಾರ್ಥವಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ಶಕ್ತಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಮೊದಲಬಾರಿಗೆ ಬೆಳಗಿದಾಗಲೂ, ಇಂದು ಶರಾವತಿಯ ಕಣಿವೆಯಲ್ಲಿ ಚಕ್ರಗಳು ತಿರುಗುವಾಗಲೂ, ನಿಯಮವೊಂದೇ: ಈ ಕ್ಷಣದಲ್ಲಿ ದೀಪ ಉರಿಯಬೇಕಾದರೆ ಈ ಕ್ಷಣದಲ್ಲಿಯೇ ಎಲ್ಲಿಯಾದರೂ ಒಂದು ಯಂತ್ರ ತಿರುಗುತ್ತಿರಬೇಕು. ಬ್ಯಾಟರಿಯಲ್ಲಿ ಸ್ವಲ್ಪವನ್ನು ಕೂಡಿಡಬಹುದು, ನಿಜ. ಮನೆಮನೆಯಲ್ಲಿರುವ ಇನ್ವರ್ಟರಿನ 12 ವೋಲ್ಟು, 150 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಿದ್ದಾಗ ಅದರಲ್ಲಿರುವುದು ಹೆಚ್ಚೆಂದರೆ 1.8 ಯೂನಿಟ್ಟು, ಎಂದರೆ ದೀಪಕ್ಕೂ ಫ್ಯಾನಿಗೂ ಒಂದು ರಾತ್ರಿಗೆ ಸಾಕಾಗುವಷ್ಟು. ಅದು ಬರಿದಾದ ಮೇಲೆ ತುಂಬುವುದಕ್ಕೂ ಕರೆಂಟೇ ಬೇಕು. ಆದುದರಿಂದ ತಂತಿ ಕಡಿದ ಮನೆಗೆ ತನ್ನದೇ ಆದ ಒಂದು ಪುಟ್ಟ ವಿದ್ಯುದಾಗಾರವಿಲ್ಲದೆ ಗತಿಯಿಲ್ಲ.

ಈ ಯಂತ್ರವು ವಸ್ತುತಃ ಒಂದೇ ದಂಡಕ್ಕೆ ಜೋಡಿಸಿದ ಎರಡು ಯಂತ್ರಗಳು. ಒಂದು ಕಡೆ ಮೋಟಾರು ಸೈಕಲ್ಲಿನದಕ್ಕೆ ಸಮಾನವಾದ ಪೆಟ್ರೋಲು ಎಂಜಿನ್. ಇನ್ನೊಂದು ಕಡೆ ತಾಮ್ರದ ಸುರುಳಿಗಳ ನಡುವೆ ತಿರುಗುವ ಒಂದು ವಿದ್ಯುದಯಸ್ಕಾಂತ. 1831ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆಯು ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ದಂಡವನ್ನು ತಟ್ಟನೆ ನೂಕಿದಾಗ, ಸುರುಳಿಗೆ ಜೋಡಿಸಿದ್ದ ಮಾಪಕದ ಮುಳ್ಳು ಕದಲಿತು; ದಂಡವನ್ನು ಹೊರಕ್ಕೆಳೆದಾಗ ಎದುರುದಿಕ್ಕಿಗೆ ಕದಲಿತು; ಸುಮ್ಮನೆ ಒಳಗಿಟ್ಟಾಗ ಸುಮ್ಮನಿತ್ತು. ಪ್ರವಾಹವನ್ನು ಹುಟ್ಟಿಸುವುದು ಕಾಂತತ್ವವಲ್ಲ, ಕಾಂತತ್ವದ ಬದಲಾವಣೆ ಎಂಬ ಈ ಸತ್ಯದ ಮೇಲೆಯೇ ಶರಾವತಿಯ ಮಹಾಯಂತ್ರಗಳೂ ನಮ್ಮ ಹಿತ್ತಿಲಿನ ಪುಟ್ಟ ಯಂತ್ರವೂ ಸಮಾನವಾಗಿ ನಿಂತಿವೆ.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ತಿರುಗುವ ಅಯಸ್ಕಾಂತವು ಕಬ್ಬಿಣದ ಮೇಲೆ ಸುತ್ತಿದ ತಂತಿಯಾಗಿರುವುದರಿಂದ, ಅದು ಅಯಸ್ಕಾಂತವಾಗಬೇಕಾದರೆ ಮೊದಲು ಅದಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತು ಬರಬೇಕಾದರೆ ಮೊದಲು ಅದು ಅಯಸ್ಕಾಂತವಾಗಬೇಕು. ಬೀಜವೃಕ್ಷನ್ಯಾಯದಂತಿರುವ ಈ ಗಂಟನ್ನು ಬಿಡಿಸಿದವರಲ್ಲಿ ಪ್ರಮುಖನು ಜರ್ಮನಿಯ ವೆರ್ನರ್ ಸೀಮೆನ್ಸ್. 1867ರ ಜನವರಿಯಲ್ಲಿ ಬರ್ಲಿನ್ನಿನ ವಿದ್ವತ್ಸಭೆಯ ಮುಂದೆ ಬಂದ ಅವನ ಪ್ರಬಂಧದ ಸಾರವಿಷ್ಟು: ಒಮ್ಮೆ ಕಾಂತವಾದ ಕಬ್ಬಿಣದಲ್ಲಿ, ಪ್ರವಾಹ ನಿಂತಮೇಲೆಯೂ, ಕಾಂತತ್ವದ ಒಂದು ಕಿಂಚಿತ್ ಶೇಷ ಉಳಿದಿರುತ್ತದೆ. ಯಂತ್ರ ತಿರುಗಿದಾಗ ಆ ಶೇಷವು ಅಲ್ಪಪ್ರವಾಹವನ್ನು ಹುಟ್ಟಿಸುತ್ತದೆ. ಆ ಅಲ್ಪವನ್ನು ಮರಳಿ ಅಯಸ್ಕಾಂತದ ಸುರುಳಿಗೆ ಹರಿಸಿದರೆ ಕಾಂತತ್ವ ಬಲಿಯುತ್ತದೆ, ಬಲಿತ ಕಾಂತತ್ವ ಇನ್ನಷ್ಟು ಪ್ರವಾಹವನ್ನು ಕೊಡುತ್ತದೆ. ಬೂದಿಯೊಳಗಿನ ಕೆಂಡವನ್ನು ಊದಿ ಒಲೆ ಹೊತ್ತಿಸುವಂತೆ, ಒಂದೆರಡು ಕ್ಷಣಗಳಲ್ಲಿ ಯಂತ್ರ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ.

ಈ ಶೇಷಕಾಂತತ್ವವು ಪುಸ್ತಕದ ಮಾತಲ್ಲವೆಂಬುದನ್ನು ನಾನು ಎರಡು ವರ್ಷಗಳ ಹಿಂದೆ ಕಷ್ಟಪಟ್ಟು ತಿಳಿದೆನು. ಬೇಸಗೆಯಲ್ಲಿ ಮನೆಯ ಮದುವೆಯೊಂದರ ಚಪ್ಪರದ ದೀಪಗಳಿಗಾಗಿ ಓಡಿಸಿದ್ದಾಗ, ನನ್ನ ಅಜಾಗ್ರತೆಯಿಂದ, ದೀಪಗಳೆಲ್ಲ ಉರಿಯುತ್ತಿದ್ದಂತೆಯೇ ಪೆಟ್ರೋಲು ತೀರಿ ಯಂತ್ರ ನಿಂತುಹೋಗಿತ್ತು. ಭಾರ ಹೊತ್ತಿರುವಾಗಲೇ ಎಂಜಿನ್ ಹೀಗೆ ತಡವರಿಸಿ ನಿಂತರೆ, ಕಬ್ಬಿಣದಲ್ಲಿ ಉಳಿದಿರಬೇಕಾದ ಆ ಶೇಷವೂ ಕೆಲವೊಮ್ಮೆ ಸೂರೆಯಾಗಿಹೋಗುತ್ತದೆ. ಅದನ್ನು ಅರಿಯದೆ ನಾನು ಯಂತ್ರವನ್ನು ಒರಸಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮುಚ್ಚಿಟ್ಟೆನು. ಆಷಾಢದ ಮೊದಲ ಬಿರುಗಾಳಿಯ ರಾತ್ರಿ ಹೊರತೆಗೆದು ಹಗ್ಗವೆಳೆದರೆ ಮೂರನೆಯ ಎಳೆತಕ್ಕೆ ಎಂಜಿನ್ ಚೆನ್ನಾಗಿ ಓಡತೊಡಗಿತು. ದೀಪ ಮಾತ್ರ ಹೊತ್ತಲಿಲ್ಲ. ವೋಲ್ಟ್‌ಮಾಪಕದ ಮುಳ್ಳು ಸೊನ್ನೆಯನ್ನು ಬಿಟ್ಟು ಕದಲಲಿಲ್ಲ. ಎರಡು ದಿನದ ಮೇಲೆ ಪೇಟೆಯಿಂದ ಬಂದ ಮೆಕ್ಯಾನಿಕ್ಕನು ಹಿಂಬದಿಯ ಮುಚ್ಚಳ ಬಿಚ್ಚಿ, ವೋಲ್ಟೇಜನ್ನು ಹದದಲ್ಲಿಡುವ ನಿಯಂತ್ರಕದ ತಂತಿಗಳನ್ನು ಬೇರೆಮಾಡಿ, ಕಾರಿನ 12 ವೋಲ್ಟಿನ ಬ್ಯಾಟರಿಯಿಂದೆಳೆದ ಎರಡು ತಂತಿಗಳನ್ನು, ಧನಕ್ಕೆ ಧನ ಋಣಕ್ಕೆ ಋಣವೆಂದು ಎರಡು ಸಲ ನೋಡಿಕೊಂಡು, ಇದ್ದಲಿನ ಬ್ರಷ್ಷುಗಳಿಗೆ ಮೂರು ನಾಲ್ಕು ಸೆಕೆಂಡು ಮುಟ್ಟಿಸಿದನು. ಸಣ್ಣದೊಂದು ಕಿಡಿ ಹಾರಿತು, ಅಷ್ಟೆ. ತಂತಿಗಳನ್ನು ಮೊದಲಿನಂತೆ ಜೋಡಿಸಿ ಹಗ್ಗವೆಳೆದಾಗ, ಮಾಪಕದ ಮುಳ್ಳು ಒಂದು ಕ್ಷಣ ತಡೆದು, ಬಳಿಕ ಒಮ್ಮೆಲೆ ಎದ್ದು 230ರ ಬಳಿ ನಿಂತಿತು. ನೂರೈವತ್ತು ವರ್ಷಗಳ ಹಿಂದಿನ ಸೀಮೆನ್ಸನ ವಾದ ನನ್ನ ಜಗಲಿಯ ಮುಂದೆ ಮುಳ್ಳಿನ ಆ ಒಂದು ನೆಗೆತದಲ್ಲಿ ಸಿದ್ಧವಾಯಿತು. ಆದರೆ ತಿಂಗಳಿಗೊಮ್ಮೆ ಯಂತ್ರವನ್ನು ಪರೀಕ್ಷಿಸುವ ಪದ್ಧತಿ ನನಗಿದ್ದಿದ್ದರೆ ಈ ದೋಷ ವೈಶಾಖದಲ್ಲಿಯೇ ತಿಳಿಯುತ್ತಿತ್ತು. ಆ ಎರಡು ರಾತ್ರಿಗಳ ಕತ್ತಲೆ ಬೇಕಾಗಿರಲಿಲ್ಲ.

ಇನ್ನು ವೇಗದ ಮಾತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುವ ಪರ್ಯಾಯ ಪ್ರವಾಹ. ಒಂದು ಉತ್ತರಧ್ರುವ ಒಂದು ದಕ್ಷಿಣಧ್ರುವವಿರುವ ಅಯಸ್ಕಾಂತವು ಒಂದು ಸುತ್ತಿಗೆ ಒಂದು ಆವರ್ತನವನ್ನು ಕೊಡುವುದರಿಂದ, ಸೆಕೆಂಡಿಗೆ 50 ಸುತ್ತು, ಎಂದರೆ ನಿಮಿಷಕ್ಕೆ 3000 ಸುತ್ತು, ತಿರುಗಲೇಬೇಕು. ದೀಪ ಹೆಚ್ಚಿದಂತೆ ಸುರುಳಿಗಳಲ್ಲಿ ಹರಿಯುವ ಪ್ರವಾಹವು ಅಯಸ್ಕಾಂತದ ಗತಿಗೆ ಪ್ರತಿಬಂಧವಾಗಿ ನಿಲ್ಲುತ್ತದೆ, ಎಂಜಿನ್ ತಗ್ಗಲೆಳಸುತ್ತದೆ, ಆಗ ವೇಗಪಾಲಕವೆಂಬ ಚಿಕ್ಕ ಅಂಗ, ಗವರ್ನರ್ ಎಂದು ಮೆಕ್ಯಾನಿಕ್ಕರು ಹೇಳುವುದು ಇದನ್ನೇ, ತಿರುಗುವ ತೂಕಗಳ ಹಿಗ್ಗುಕುಗ್ಗುಗಳಿಂದ ಇದನ್ನರಿತು ಪೆಟ್ರೋಲಿನ ದ್ವಾರವನ್ನು ಇನ್ನಷ್ಟು ತೆರೆಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತೂಗಹಾಕಿದ ಜೋಡಿ ಗುಂಡುಗಳ ವಂಶದ್ದೇ ಇದು. ವೇಗಪಾಲಕವು ಪೂರ್ತಿ ಸರಿದೂಗಿಸಲಾರದು. ಬರಿದಾಗಿ ಓಡುವಾಗ 52 ಆವರ್ತನವಿದ್ದದ್ದು ಭಾರ ಹೊತ್ತಾಗ 50ರ ಆಸುಪಾಸಿಗೆ ಇಳಿಯುವುದು ಸಹಜ. 48ಕ್ಕಿಂತ ಕೆಳಗಿಳಿದರೆ ಭಾರ ಮಿತಿಮೀರಿತೆಂದೋ ಎಂಜಿನ್ನಿಗೆ ಉಸಿರು ಕಟ್ಟಿತೆಂದೋ ತಿಳಿಯತಕ್ಕದ್ದು. ಈಚೆಗೆ ಬಂದಿರುವ ಇನ್ವರ್ಟರ್ ಜಾತಿಯ ಜನರೇಟರುಗಳಲ್ಲಿ ಪ್ರವಾಹವನ್ನು ಮೊದಲು ಏಕಮುಖ ಮಾಡಿ, ಅನಂತರ ವಿದ್ಯುನ್ಮಾನ ಸಾಧನಗಳಿಂದ 50 ಆವರ್ತನದ ಶುದ್ಧ ಅಲೆಯಾಗಿ ಕಡೆಯುವುದರಿಂದ ಎಂಜಿನ್ನಿನ ವೇಗಕ್ಕೆ ಈ ಬಂಧನವಿಲ್ಲ. ಸದ್ದೂ ಕಡಿಮೆ, ಬೆಲೆ ಮಾತ್ರ ಹೆಚ್ಚು.

ಯಂತ್ರದ ಗಾತ್ರವನ್ನು ನಿರ್ಣಯಿಸುವಾಗ ಜನ ತಪ್ಪುವುದು ಮೋಟಾರುಗಳ ವಿಷಯದಲ್ಲಿ. ಎಂಟು ಎಲ್‌ಇಡಿ ದೀಪಗಳಿಗೆ 72 ವಾಟು, ಮೂರು ಫ್ಯಾನುಗಳಿಗೆ 225 ವಾಟು, ಫ್ರಿಜ್ಜಿಗೆ ನೂರೈವತ್ತು ಎಂದು ಕೂಡಿಸಿ, ಅರ್ಧ ಅಶ್ವಶಕ್ತಿಯ ಪಂಪಿಗೆ ಆರುನೂರು ಸೇರಿಸಿ, ಒಟ್ಟು ಸಾವಿರದೈವತ್ತೆಂದು ನೆಮ್ಮದಿಯಾಗಿರುತ್ತಾರೆ. ನಿಂತ ಮೋಟಾರು ಹೊರಡುವ ಮೊದಲ ಅರೆಕ್ಷಣದಲ್ಲಿ ಓಡುವಾಗಿನದರ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆಂಬುದು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಕೆಸರಿನಲ್ಲಿ ಹೂತ ಗಾಡಿಯನ್ನು ಕೀಳುವುದಕ್ಕೆ ಬೇಕಾದ ಬಲವೇ ಬೇರೆ, ಅದನ್ನು ಹಾದಿಯಲ್ಲಿ ನಡೆಸುವುದಕ್ಕೆ ಬೇಕಾದ ಬಲವೇ ಬೇರೆ. ಎರಡು ಕೆವಿಎ ಯಂತ್ರದಲ್ಲಿ ಪಂಪನ್ನು ಮೊದಲು ಒಂಟಿಯಾಗಿ ಹೊರಡಿಸಿ, ಅದು ಸ್ಥಿರವಾದ ಮೇಲೆ ಉಳಿದುವನ್ನು ಒಂದೊಂದಾಗಿ ಸೇರಿಸುವುದೇ ಕ್ರಮ. ಎತ್ತರದ ಊರಿನವರು ಇನ್ನೊಂದನ್ನು ನೆನೆಯಬೇಕು: ಗಾಳಿ ತೆಳುವಾದಂತೆ ಎಂಜಿನ್ನಿನ ಬಲ ಪ್ರತಿ 300 ಮೀಟರಿಗೆ ನೂರಕ್ಕೆ ಮೂರರಷ್ಟಾದರೂ ಕುಗ್ಗುವುದರಿಂದ, ಮಡಿಕೇರಿಯಲ್ಲಿ ಓಡುವ ಯಂತ್ರ ಮಂಗಳೂರಿನಲ್ಲಿ ಓಡುವುದಕ್ಕಿಂತ ಹತ್ತರಲ್ಲಿ ಒಂದು ಪಾಲು ದುರ್ಬಲ.

ಈಗ ಸ್ಥಳ. ಮಳೆಗೆ ಅಂಜಿ ಯಂತ್ರವನ್ನು ಜಗಲಿಯ ಮೂಲೆಯಲ್ಲಿಯೋ, ಸದ್ದಿಗೆ ಬೇಸತ್ತು ಬಚ್ಚಲುಮನೆಯಲ್ಲಿಯೋ, ಕಳ್ಳರ ಭಯದಿಂದ ಬಾಗಿಲು ಹಾಕಿದ ಕೋಣೆಯಲ್ಲಿಯೋ ಇಟ್ಟು ಓಡಿಸುವವರನ್ನು ಕಂಡಾಗ ನನಗೆ ಎದೆ ನಡುಗುತ್ತದೆ. ಎಂಜಿನ್ನಿನ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಇದನ್ನು ಅಪ್ಪಿಕೊಂಡು ಬಿಡಲೊಲ್ಲದು. ತಲೆನೋವು, ಓಕರಿಕೆ, ಬಳಲಿಕೆ ಎಂದು ಮಲಗಿದವರು ಮಲಗಿದಂತೆಯೇ ಉಸಿರು ಕಳೆದುಕೊಳ್ಳುತ್ತಾರೆ. ಕಿಟಕಿ ತೆರೆದಿದೆ, ಫ್ಯಾನು ತಿರುಗುತ್ತಿದೆ ಎಂಬುದು ರಕ್ಷಣೆಯಲ್ಲ. ಮನೆಯಿಂದ ಇಪ್ಪತ್ತು ಅಡಿಗೆ ಕಡಿಮೆಯಿಲ್ಲದ ದೂರದಲ್ಲಿ, ಸಮತಟ್ಟಾದ ಎತ್ತರದ ಕಟ್ಟೆಯ ಮೇಲೆ, ಹೊಗೆಕೊಳವೆ ಕಿಟಕಿ ಬಾಗಿಲುಗಳಿಗೆ ಬೆನ್ನುಮಾಡುವಂತೆ ಇಡಬೇಕು. ಮೇಲೆ ತಗಡಿನ ಮಾಡಿರಲಿ, ಸುತ್ತ ಗೋಡೆ ಬೇಡ. ನನ್ನ ಯಂತ್ರ ಅಡಿಕೆ ಅಂಗಳದ ಆಚೆಯ ತುದಿಯಲ್ಲಿ, ನಾಲ್ಕು ಕಂಬದ ಮಾಡಿನ ಕೆಳಗಿದೆ. ಬಿಸಿಯಾದ ಎಂಜಿನ್ನಿಗೆ ಪೆಟ್ರೋಲು ಹೊಯ್ಯಬಾರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಮನೆಗೆ ವಿದ್ಯುತ್ತನ್ನು ತರುವ ಬಗೆ ಇನ್ನೂ ಗಂಭೀರವಾದದ್ದು. ತಂತಿಯ ಎರಡು ತುದಿಗೂ ಗಂಡುಪ್ಲಗ್ಗು ಕಟ್ಟಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿದರೆ ಮನೆಯೆಲ್ಲ ಬೆಳಗುತ್ತದೆ; ಈ ‘ಉಪಾಯ’ವನ್ನು ಹೇಳಿಕೊಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇದು ಉಪಾಯವಲ್ಲ, ಅಪರಾಧ. ಮನೆಯ ತಂತಿ ಮೀಟರ್ ಬೋರ್ಡಿನ ಮೂಲಕ ಕಂಬಕ್ಕೂ, ಕಂಬದಿಂದ ಊರಿನ ಟ್ರಾನ್ಸ್‌ಫಾರ್ಮರಿಗೂ ಕೂಡಿಕೊಂಡಿದೆ. ಹನ್ನೊಂದು ಸಾವಿರ ವೋಲ್ಟನ್ನು ಮನೆಯ ಮಟ್ಟಕ್ಕಿಳಿಸುವ ಆ ಯಂತ್ರಕ್ಕೆ ಮೇಲು ಕೆಳಗೆಂಬ ಭೇದವಿಲ್ಲ. ಕೆಳಗಿನಿಂದ 230 ವೋಲ್ಟು ಹೊಕ್ಕರೆ ಮೇಲುಗಡೆ ಹತ್ತು ಸಾವಿರದಷ್ಟು ಏಳುತ್ತದೆ. ಕರೆಂಟು ತೆಗೆದಿದೆಯೆಂದು ನಂಬಿ ಮುರಿದ ತಂತಿಯನ್ನು ಕೈಯಲ್ಲಿ ಹಿಡಿದಿರುವವನು ಆ ಕಂಬಳಿಕೊಪ್ಪೆಯ ಲೈನ್‌ಮನ್. ಅಕ್ಕಪಕ್ಕದ ಮನೆಗಳ ಭಾರಕ್ಕೆ ಸಣ್ಣ ಯಂತ್ರ ತಾನಾಗಿಯೇ ನಿಂತೀತೆಂಬ ವಾದವನ್ನು ಕೇಳಿದ್ದೇನೆ. ತಂತಿ ನಮ್ಮ ಮನೆಯ ಸಮೀಪದಲ್ಲಿಯೇ ಕಡಿದಿದ್ದರೆ ಹೊರುವುದಕ್ಕೆ ಭಾರವೇ ಇರುವುದಿಲ್ಲ. ಆದುದರಿಂದ ಮೀಟರಿನ ಬಳಿ ಎರಡು ಕಡೆಯ ಚೇಂಜೋವರ್ ಸ್ವಿಚ್ಚನ್ನು, ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಬದಲಿಸುವಂಥದನ್ನು, ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನನಿಂದಲೇ ಹಾಕಿಸಬೇಕು. ಅದರ ಹಿಡಿ ಒಂದು ಕಡೆಗಿದ್ದಾಗ ಮನೆ ಊರಿನ ತಂತಿಗೆ ಸೇರಿದ್ದು, ಇನ್ನೊಂದು ಕಡೆಗಿದ್ದಾಗ ಜನರೇಟರಿಗೆ ಸೇರಿದ್ದು. ಎರಡೂ ಏಕಕಾಲದಲ್ಲಿ ಕೂಡುವುದು ಅದರ ರಚನೆಯಲ್ಲಿಯೇ ಅಸಾಧ್ಯ. ಯಂತ್ರದ ದೇಹಕ್ಕೆ ಅರ್ಥಿಂಗು, ಇದ್ದಲು ಉಪ್ಪು ತುಂಬಿದ ಗುಂಡಿಯಲ್ಲಿ ಇಳಿಸಿದ ಕೊಳವೆಗೆ ದಪ್ಪ ತಂತಿಯಿಂದ, ಆಗಲೇಬೇಕು. ಇದರ ಜೊತೆಗೆ ಒಂದು ಪ್ರಶ್ನೆಯನ್ನು ಎಲೆಕ್ಟ್ರಿಷಿಯನ್ನನಿಗೆ ಕೇಳಿರಿ: ಅನೇಕ ಸಣ್ಣ ಯಂತ್ರಗಳಲ್ಲಿ ನ್ಯೂಟ್ರಲು ಭೂಮಿಗೆ ಸೇರದೆ ತೇಲುತ್ತಿರುತ್ತದೆ, ಹಾಗಿದ್ದಾಗ ಮನೆಯ ಆಘಾತರಕ್ಷಕ ಸ್ವಿಚ್ಚು ತನ್ನ ಕೆಲಸವನ್ನು ಮಾಡಲಾರದು, ಅದನ್ನು ಒಂದೇ ಒಂದು ಸ್ಥಳದಲ್ಲಿ ಭೂಮಿಗೆ ಕಟ್ಟಬೇಕೇ ಎಂಬುದನ್ನು ಅವನು ನೋಡಿ ನಿರ್ಣಯಿಸಲಿ.

ಇಷ್ಟಾದಮೇಲೆ ಪರೀಕ್ಷೆ. ನೊಗ ಹೂಡದೆ ಎತ್ತಿನ ಬಲ ತಿಳಿಯದು. ಬರಿದೆ ಐದು ನಿಮಿಷ ಗುಡುಗುಡು ಎನ್ನಿಸಿ ನಿಲ್ಲಿಸುವುದು ಪರೀಕ್ಷೆಯಲ್ಲ. ನಾನು ಪ್ರತಿ ತಿಂಗಳ ಮೊದಲ ಭಾನುವಾರ, ಊರಿನ ಕರೆಂಟು ಚೆನ್ನಾಗಿರುವಾಗಲೇ, ಚೇಂಜೋವರನ್ನು ಮುಟ್ಟದೆ, ಯಂತ್ರದ ಸಾಕೆಟ್ಟಿಗೇ ನೇರವಾಗಿ ಭಾರ ಜೋಡಿಸಿ ನೋಡುತ್ತೇನೆ. ಭಾರವೆಂದರೆ ಮನೆಯ ಇಸ್ತ್ರಿಪೆಟ್ಟಿಗೆಯೇ: ಅದು ಸಾವಿರ ವಾಟಿನದು, ಮೋಟಾರಿನ ಚಾಂಚಲ್ಯವಿಲ್ಲದ ಶುದ್ಧ ಭಾರ. ಅದರ ಜೊತೆಗೆ ಹಲಗೆಯೊಂದಕ್ಕೆ ಬಡಿದ ನಾಲ್ಕು ನೂರುವಾಟಿನ ಹಳೆಯ ಬಲ್ಬುಗಳು. ಮೊದಲು ಎಣ್ಣೆಯ ಕಡ್ಡಿ ಎಳೆದು ಮಟ್ಟ ನೋಡುವುದು. ಹೊಸ ಯಂತ್ರ ಅಂಗಡಿಯಿಂದ ಬರುವಾಗ ಅನೇಕವೇಳೆ ಎಣ್ಣೆಯಿಲ್ಲದೆ ಬರುತ್ತದೆಂಬುದನ್ನು ಮರೆತು, ಮೊದಲ ದಿನವೇ ಎಂಜಿನ್ನನ್ನು ಸುಟ್ಟವರುಂಟು. ಚೋಕು ಎಳೆದು, ಹಗ್ಗವನ್ನು ಮೆಲ್ಲಗೆ ಬಿಗಿ ಸಿಕ್ಕುವವರೆಗೆ ತಂದು, ಅನಂತರ ಒಂದೇ ಜಗ್ಗು. ಐದು ನಿಮಿಷ ಬೆಚ್ಚಗಾಗಲು ಬಿಟ್ಟು ವೋಲ್ಟೇಜನ್ನೂ ಆವರ್ತನವನ್ನೂ ಬರೆದುಕೊಳ್ಳುತ್ತೇನೆ.

ಬಳಿಕ ಬಲ್ಬುಗಳು ಒಂದೊಂದಾಗಿ. ಪ್ರತಿಯೊಂದಕ್ಕೂ ಎಂಜಿನ್ನಿನ ಧ್ವನಿಯಲ್ಲಿ ಸಣ್ಣದೊಂದು ಇಳಿತ, ಮರುಕ್ಷಣ ಏರಿಕೆ. ಇಸ್ತ್ರಿಪೆಟ್ಟಿಗೆಯನ್ನು ಹಾಕಿದಾಗ ಆ ಇಳಿತ ಎದ್ದುಕಾಣುತ್ತದೆ; ಬಲ್ಬುಗಳು ಕಣ್ಣು ಮಿಟುಕಿಸಿದಂತೆ ಮಂಕಾಗಿ ಮತ್ತೆ ಬೆಳಗುತ್ತವೆ; ವೇಗಪಾಲಕದ ಕಡ್ಡಿ ಮುಂದಕ್ಕೆ ಸರಿದು ನಡುಗುತ್ತ ನಿಲ್ಲುವುದನ್ನು ಬಗ್ಗಿ ನೋಡಿದರೆ ಬರಿಗಣ್ಣಿಗೇ ಕಾಣಬಹುದು. ಧ್ವನಿ ಏರಿ ಇಳಿದು, ಏರಿ ಇಳಿದು, ನೆಲೆನಿಲ್ಲದಿದ್ದರೆ ಕಾರ್ಬುರೇಟರಿನ ಸಣ್ಣ ರಂಧ್ರದಲ್ಲಿ ಕಸ ಕೂತಿದೆಯೆಂದು ಬಹುಮಟ್ಟಿಗೆ ನಿಶ್ಚಯವಾಗಿ ಹೇಳಬಹುದು. ಹತ್ತು ನಿಮಿಷದ ಮೇಲೆ ಪ್ಲಗ್ಗಿನ ಬಾಯನ್ನು ಅಂಗೈಯ ಹಿಂಬದಿಯಿಂದ ಸಮೀಪಿಸಿ ನೋಡಿ: ಅಲ್ಲಿ ಬಿಸಿಯಿದ್ದರೆ ಯಾವುದೋ ತಂತಿ ಸಡಿಲವಿದೆ, ಒಂದು ದಿನ ಅಲ್ಲಿಂದಲೇ ಹೊಗೆಯೇಳುತ್ತದೆ.

ಪೆಟ್ರೋಲಿನ ಲೆಕ್ಕವನ್ನೂ ಒಮ್ಮೆ ತೆಗೆಯಬೇಕು. ಟ್ಯಾಂಕಿನ ಗುರುತಿನವರೆಗೆ ತುಂಬಿ, ಇಸ್ತ್ರಿಪೆಟ್ಟಿಗೆ ಕಾದು ತಾನೇ ಆರಿಹೋಗದಂತೆ ಒದ್ದೆಬಟ್ಟೆಗಳ ರಾಶಿಯನ್ನು ತೀಡುತ್ತ, ಅಂದಾಜು ಒಂದು ಯೂನಿಟ್ಟು ಖರ್ಚಾಗುವ ತನಕ ಓಡಿಸಿ, ಯಂತ್ರ ತಣ್ಣಗಾದ ಮೇಲೆ ಅಳತೆಯ ಪಾತ್ರೆಯಿಂದ ಮತ್ತೆ ಗುರುತಿಗೆ ತುಂಬಿದಾಗ, ನನಗೆ ಹಿಡಿದದ್ದು 650 ಮಿಲಿಲೀಟರು. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಾಖ ಒಂಬತ್ತು ಯೂನಿಟ್ಟಿಗೂ ಮಿಗಿಲು. ಎಂದಮೇಲೆ ನಾವು ಹೊಯ್ದ ಶಕ್ತಿಯಲ್ಲಿ ವಿದ್ಯುತ್ತಾಗಿ ಕೈಗೆ ಬಂದದ್ದು ಆರರಲ್ಲೊಂದು ಪಾಲು, ಉಳಿದೈದು ಪಾಲು ಬಿಸಿಯಾಗಿ, ಹೊಗೆಯಾಗಿ, ಸದ್ದಾಗಿ ಅಡಿಕೆ ತೋಟದ ಮೇಲೆ ಹಾದುಹೋಯಿತು. ಕಂಬದ ಮೇಲಿನ ತಂತಿ ನಮಗೆ ಎಷ್ಟು ಅಗ್ಗವಾಗಿ ಎಷ್ಟನ್ನು ತಂದುಕೊಡುತ್ತಿದೆಯೆಂಬುದು ಈ ಒಂದು ಲೆಕ್ಕದಿಂದ ಮನಸ್ಸಿಗೆ ತಟ್ಟುವಷ್ಟು ಬೇರೆ ಯಾವುದರಿಂದಲೂ ತಟ್ಟದು.

ನಿಲ್ಲಿಸುವಾಗ ಮೊದಲು ಭಾರವನ್ನೆಲ್ಲ ಕಳಚಿ, ಎರಡು ನಿಮಿಷ ಬರಿದೆ ಓಡಿಸಿ, ಪೆಟ್ರೋಲಿನ ಕೊಳಾಯಿಯನ್ನು ತಿರುಗಿಸಿ ಕಾರ್ಬುರೇಟರಿನಲ್ಲಿರುವುದು ತೀರುವವರೆಗೆ ಬಿಡಬೇಕು. ಭಾರವಿಲ್ಲದಾಗ ಹೀಗೆ ನಿಂತರೆ ಶೇಷಕಾಂತತ್ವಕ್ಕೆ ಕೇಡಿಲ್ಲ. ಕಾರ್ಬುರೇಟರಿನಲ್ಲಿ ತಿಂಗಳುಗಟ್ಟಲೆ ಕೂತ ಪೆಟ್ರೋಲು ಅಂಟಾಗಿ ರಂಧ್ರಗಳನ್ನು ಮುಚ್ಚುವುದೂ ತಪ್ಪುತ್ತದೆ. ಹೊಸ ಯಂತ್ರದ ಎಣ್ಣೆಯನ್ನು ಮೊದಲ 20 ಗಂಟೆಗೆ, ಆಮೇಲೆ ಸುಮಾರು 100 ಗಂಟೆಗೊಮ್ಮೆ ಬದಲಿಸುವುದು ರೂಢಿ.

ಚೇಂಜೋವರ್ ಸ್ವಿಚ್ಚಿನ ಪಕ್ಕದಲ್ಲಿ ಮೊಳೆಗೆ ಒಂದು ನೋಟುಪುಸ್ತಕವನ್ನು ತೂಗಹಾಕಿದ್ದೇನೆ. ಕಳೆದ ಭಾನುವಾರದ ಸಾಲು ಹೀಗಿದೆ: ಬರಿದೆ 232 ವೋಲ್ಟು, 52 ಆವರ್ತನ, 1400 ವಾಟಿನ ಭಾರಕ್ಕೆ 228 ವೋಲ್ಟು, 50 ಆವರ್ತನ, ಎಣ್ಣೆ ಸರಿ, ಪ್ಲಗ್ಗು ತಣ್ಣಗೆ, ಹಗ್ಗ ಎರಡನೆಯ ಎಳೆತಕ್ಕೆ.